ಖಾಲಿ ಮೊಸರು ಡಬ್ಬಿಗಳು

ಸುಮಿತ್ರಮ್ಮನವರು ಹೆಪ್ಪು ಹಾಕಿದರೆ ಸಿಯಾಟಲ್ ಚಳಿಯಲ್ಲೂ ಮೊಸರು ಗಟ್ಟಿಯಾಗಿ ಕೂರುತ್ತದೆ ಎಂಬ ಸುದ್ದಿ ನಾರ್ತ್ ಕ್ರೀಕ್‌ನ ಆ ಅಪಾರ್ಟ್‌ಮೆಂಟಿನಲ್ಲಿ ಕನ್ನಡದವರ ಮನೆಗಳನ್ನು ದಾಟಿ ತೆಲುಗರ ಮನೆಗಳಿಗೂ ತಲುಪಿತ್ತು. ಕೆಳಗಿನ ಮನೆಯ ಶಾಲಿನಿ ಬಟ್ಟಲು ಹಿಡಿದು ಬಂದು, "ಆಂಟಿ, ಒಂಚೂರು ಹೆಪ್ಪು ಕೊಡ್ತೀರಾ?" ಎಂದು ಕೇಳಿದ ದಿನ ಸುಮಿತ್ರಮ್ಮನವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅರವತ್ತಮೂರನೆಯ ವಯಸ್ಸಿನಲ್ಲಿ ಪರದೇಶಕ್ಕೆ ಬಂದು ಹೆಸರು ಮಾಡುವುದೆಂದರೆ ಸಾಮಾನ್ಯವೇ?

ಆ ಹೆಪ್ಪು ಬಂದದ್ದು ಹುಣಸೂರಿನಿಂದ. ಅಲ್ಲಿ ಅವರ ಅಕ್ಕ ಲಕ್ಷ್ಮಮ್ಮ ತಮ್ಮ ಮನೆಯ ಮೊಸರಲ್ಲಿ ಬಿಳಿ ಬಟ್ಟೆಯ ತುಂಡೊಂದನ್ನು ಅದ್ದಿ, ನೆರಳಲ್ಲಿ ಒಣಗಿಸಿ, ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಬಂದ ದಿನವೇ ಸುಮಿತ್ರಮ್ಮ ಆ ತುಂಡನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿ, ಸೊಸೆ ಅನುಶ್ರೀ ಹೇಳಿಕೊಟ್ಟ ಹಾಗೆ ಪಾತ್ರೆಯನ್ನು ಓವನ್ನಿನೊಳಗಿಟ್ಟು, ಬೆಚ್ಚಗಿರಲೆಂದು ಅದರ ಒಳದೀಪ ಹಾಕಿದ್ದರು. ಅಂದಿನಿಂದ ಅದು ನಿತ್ಯದ ವ್ರತವಾಯಿತು. ಬೆಳಿಗ್ಗೆ ಐದೂವರೆಗೆ ಸ್ನಾನ, ಆಮೇಲೆ ದೇವರಿಗೆ ದೀಪ, ಆಮೇಲೆ ಓವನ್ ತೆರೆದು ಮೊಸರಿನ ದರ್ಶನ.

ಸೆಪ್ಟೆಂಬರಿನಲ್ಲಿ ಮೈಸೂರಿನಿಂದ ಹೊರಟಾಗ ಆರು ತಿಂಗಳ ಮಾತಾಗಿತ್ತು. ಮಾರ್ಚ್‌ನಲ್ಲಿ ಲಕ್ಷ್ಮಮ್ಮನವರಿಗೆ ಮಂಡಿಯ ಆಪರೇಷನ್. ಆಸ್ಪತ್ರೆ ಮೈಸೂರಿನದೇ ಆದ್ದರಿಂದ ಆಮೇಲೆ ಒಂದೂವರೆ ತಿಂಗಳು ಅವರು ತಂಗಿಯ ಮನೆಯಲ್ಲೇ ಇರುವುದು, ತಂಗಿಯೇ ನೋಡಿಕೊಳ್ಳುವುದು ಎಂದು ಇಬ್ಬರೂ ಗೊತ್ತು ಮಾಡಿಕೊಂಡಿದ್ದರು. "ಬೇರೆಯವ್ರು ನನ್ನನ್ನ ಎಬ್ಬಿಸಿ ಕೂರಿಸೋದು ನಂಗಾಗಲ್ಲ ಕಣೇ ಸುಮಿ. ನೀನು ಬರೋವರೆಗೂ ಕುಂಟ್ಕೊಂಡೇ ಇರ್ತೀನಿ," ಎಂದಿದ್ದರು ಲಕ್ಷ್ಮಮ್ಮ. ಮಗ, ಸೊಸೆ ಇದ್ದರೂ ಅವರಿಗೆ ತಂಗಿಯೇ ಆಗಬೇಕು.

ಡಿಸೆಂಬರಿನ ಒಂದು ಭಾನುವಾರ ಊಟದ ಹೊತ್ತಿನಲ್ಲಿ ಮಗ ವರುಣ್ ಮಾತು ತೆಗೆದ.

"ಅಮ್ಮಾ, ಇನ್ನಾರು ತಿಂಗಳು ಎಕ್ಸ್‌ಟೆಂಡ್ ಮಾಡ್ಸೋಣ. ಅರ್ಜಿ ಹಾಕಿದ್ರೆ ಆಗುತ್ತೆ."

"ಅಕ್ಕನ ಆಪರೇಷನ್ ಇದ್ಯಲ್ಲೋ."

"ದೊಡ್ಡಮ್ಮನ್ನ ನೋಡ್ಕೊಳ್ಳೋಕೆ ವಾಸುದೇವಣ್ಣ ಇದಾನೆ, ಅತ್ತಿಗೆ ಇದಾರೆ. ಇಲ್ಲಿ ತೇಜು ನೋಡು. ನಿನ್ ಮೊಸರಿಲ್ದಿದ್ರೆ ಅವ್ಳಿಗೆ ಊಟಾನೇ ಸೇರಲ್ಲ. ಅಂಗಡಿ ಮೊಸರು ಮುಟ್ಟಲ್ಲ. ಅಲ್ವಾ ಅನು?"

ಅನುಶ್ರೀ ತಟ್ಟೆ ನೋಡಿಕೊಂಡು, "ಹ್ಞೂಂ," ಅಂದಳು. ಆರು ವರ್ಷದ ತೇಜಶ್ರೀ ಬಾಯ್ತುಂಬ ಮೊಸರನ್ನ ಇಟ್ಟುಕೊಂಡು, "ಅಜ್ಜೀಸ್ ಕರ್ಡ್ ಈಸ್ ದಿ ಬೆಸ್ಟ್!" ಎಂದಿತು. ಇಷ್ಟಾದ ಮೇಲೆ ಯಾವ ಅಜ್ಜಿ ಕರಗುವುದಿಲ್ಲ? ಸುಮಿತ್ರಮ್ಮ ಕರಗಿದರು. ಮಾರನೆಯ ದಿನವೇ ಅಕ್ಕನಿಗೆ ಫೋನ್ ಮಾಡಿ, ಮಗು ಬಿಡುತ್ತಿಲ್ಲ, ಏನು ಮಾಡಲಿ ಎಂದರು. "ಆಗ್ಲಿ ಬಿಡು. ನಿಂಗೆ ನಿನ್ನ ಮೊಮ್ಮಗಳು," ಎಂದು ಲಕ್ಷ್ಮಮ್ಮ ಫೋನಿಟ್ಟರು. ಜನವರಿಯ ಹೊತ್ತಿಗೆ ಅಕ್ಕ ಫೋನು ತೆಗೆಯುವುದನ್ನೇ ಬಿಟ್ಟರು.

"ಬೇಜಾರಾಗಿದಾರೆ. ಸ್ವಲ್ಪ ದಿನ ಬಿಟ್ರೆ ಸರಿಹೋಗ್ತಾರೆ ಅಮ್ಮ," ಎಂದ ವರುಣ್.

ಆ ಜನವರಿಯಲ್ಲೇ ಅನುಶ್ರೀಗೆ ಕೆಂಟ್‌ನಲ್ಲಿ, ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸವಾಯಿತು. ಬೆಳಿಗ್ಗೆ ಆರೂಕಾಲಿಗೆ ಕಾರು ತೆಗೆದರೆ ಮತ್ತೆ ಅವಳ ಮುಖ ಕಾಣುತ್ತಿದ್ದದ್ದು ಸಂಜೆ ಆರೂವರೆಗೆ. ವರುಣನಿಗೂ ದಿನವೂ ಆಫೀಸು. ಮಧ್ಯಾಹ್ನ ಮೂರು ನಲವತ್ತಕ್ಕೆ ಶಾಲೆಯ ಬಸ್ಸಿನಿಂದ ತೇಜುವನ್ನು ಇಳಿಸಿಕೊಳ್ಳುವ ಕೆಲಸ, ತಿಂಡಿ, ಹೋಂವರ್ಕು, ರಾತ್ರಿಯ ಅಡುಗೆ ಎಲ್ಲ ಒಂದೊಂದಾಗಿ ಸುಮಿತ್ರಮ್ಮನವರ ಕೈಗೆ ಬಂದವು. ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮನೆಯ ಕೆಲಸಕ್ಕೆ ಕಾಗದ ಪತ್ರ ಯಾಕೆ ಬೇಕು ಎಂದುಕೊಂಡರು.

ಫೆಬ್ರವರಿ ಎರಡನೆಯ ವಾರ ಹಿಮ ಬಿತ್ತು.

ಭಾನುವಾರ ಸಂಜೆ ಶುರುವಾದದ್ದು ಸೋಮವಾರ ಬೆಳಗಾಗುವ ಹೊತ್ತಿಗೆ ಗೇಣುದ್ದ ಕೂತಿತ್ತು. ಅಪಾರ್ಟ್‌ಮೆಂಟ್ ಇದ್ದದ್ದು ದಿಬ್ಬದ ಮೇಲೆ. ಕಾರು ನಿಲ್ಲಿಸುವ ಜಾಗದಿಂದ ರಸ್ತೆಗಿಳಿಯುವ ಇಳಿಜಾರು ಗಾಜಿನಂತೆ ಗಟ್ಟಿಯಾಯಿತು. ಕೆಳಗಿನ ಶಾಲಿನಿಯ ಗಂಡ ಧೈರ್ಯ ಮಾಡಿ ಕಾರು ತೆಗೆದವನು ಹಿಂದುಮುಂದಾಗಿ ಜಾರಿ ಬೇಲಿಗೆ ತಾಗಿ ನಿಂತ. ಶಾಲೆಗೆ ರಜೆ ಎಂದು ಮೆಸೇಜು ಬಂತು. ಅನುಶ್ರೀಗೆ ಕೆಂಟ್‌ಗೆ ಬರಬೇಡ ಎಂದರು. ವರುಣ್ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ಹರಡಿ, ಕಿವಿಗೆ ಹೆಡ್‌ಫೋನು ಹಾಕಿ ಕೂತ.

ಸುಮಿತ್ರಮ್ಮನವರಿಗೆ ಮೊದಲ ಎರಡು ದಿನ ಹಬ್ಬ. ಈ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಕೂತು ಬೆಳಗಿನ ತಿಂಡಿ ತಿಂದು ತಿಂಗಳ ಮೇಲಾಗಿತ್ತು. ಬಿಸಿ ಉಪ್ಪಿಟ್ಟು ತಟ್ಟೆಗೆ ಬಿದ್ದ ತಕ್ಷಣ ತಿನ್ನುವವರಿದ್ದಾರೆ, ಇನ್ನೊಂದು ಲೋಟ ಕಾಫಿ ಬೇಕು ಅನ್ನುವವರಿದ್ದಾರೆ. ಅಡುಗೆ ಮಾಡುವ ಕೈಗೆ ಇನ್ನೇನು ಬೇಕು? ಕಿಟಕಿಯಾಚೆ ಬೆಳ್ಳಗೆ ಸುರಿಯುತ್ತಿತ್ತು. ಒಳಗೆ ನಲ್ಲಿ ತಿರುಗಿಸಿದರೆ ಕುದಿಯುವಂಥ ನೀರು, ಗೋಡೆಯ ಕೆಳಗಿನಿಂದ ಸದ್ದಿಲ್ಲದೆ ಬರುವ ಬೆಚ್ಚನೆಯ ಗಾಳಿ. ಇಷ್ಟು ದಿನ ಇದ್ದದ್ದೇ ಇವೆಲ್ಲ. ಕಣ್ಣಿಗೆ ಬಿದ್ದದ್ದು ಈಗ. ಮಂಗಳವಾರ ಸಂಜೆ ಐದು ಗಂಟೆಗೆ ಕರೆಂಟು ಹೋದಾಗಂತೂ ನಾಲ್ವರೂ ಒಂದೇ ರಜಾಯಿಯೊಳಗೆ ಸೇರಿಕೊಂಡು ಕೂತರು. ಕರೆಂಟು ಬಂದು ರೈಸ್ ಕುಕ್ಕರಿನ ಕೆಂಪು ದೀಪ ಹೊತ್ತಿಕೊಂಡಾಗ ವರುಣ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಬಿಸಿ ಅನ್ನಕ್ಕೆ ಮೆಣಸಿನ ಸಾರು ಸುರಿದುಕೊಂಡು, "ಅಮ್ಮಾ, ಇದರ ಮುಂದೆ ಇನ್ಯಾವುದೂ ಇಲ್ಲ," ಎಂದ. ತಾನು ಉಳಿದದ್ದು ಸರಿಯಾಯಿತು ಎಂದು ಸುಮಿತ್ರಮ್ಮನವರಿಗೆ ಅವತ್ತು ಅನ್ನಿಸಿತ್ತು.

ಬುಧವಾರ ಬೆಳಿಗ್ಗೆ ಓವನ್ ತೆರೆದರೆ ಪಾತ್ರೆಯಲ್ಲಿ ಲೋಳೆ. ಸೌಟು ಎತ್ತಿದರೆ ದಾರ ದಾರವಾಗಿ ಇಳಿಯಿತು.

"ಕರೆಂಟ್ ಹೋಗಿತ್ತಲ್ಲ ಅತ್ತೆ, ಅದಕ್ಕೇ," ಎಂದಳು ಅನುಶ್ರೀ ಬೇಗ ಬೇಗ.

"ಇರಬಹುದು," ಅಂದರು ಸುಮಿತ್ರಮ್ಮ. ಗುರುವಾರ ಕರೆಂಟು ಇತ್ತು. ಆದರೂ ಲೋಳೆ.

ಶುಕ್ರವಾರ ಬಿಸಿಲು ಬಂತು, ಹಿಮ ಮಾತ್ರ ಕದಲಲಿಲ್ಲ. ತೇಜು ಬಾಲ್ಕನಿಯಲ್ಲಿ ಹಿಮದ ಇಡ್ಲಿ ಮಾಡುತ್ತೇನೆಂದು ಹಟ ಹಿಡಿಯಿತು. ಸುಮಿತ್ರಮ್ಮ ಶಾಲು ಹೊದ್ದು ಬಾಗಿಲಲ್ಲಿ ನಿಂತರು. ಚಳಿಗೆ ಹೆದರಿ ಅವರು ಆ ಬಾಲ್ಕನಿಗೆ ನವೆಂಬರಿನಿಂದ ಕಾಲಿಟ್ಟಿರಲಿಲ್ಲ. ಅದರ ಮೂಲೆಯಲ್ಲಿ ಸಾಮಾನು ಇಡುವ ಒಂದು ಗೂಡು ಇತ್ತು. ತೇಜು ಅದರ ಬಾಗಿಲು ತೆಗೆದು ಒಂದೊಂದೇ ಡಬ್ಬಿ ಹೊರಗೆ ತಂದು ಹಿಮ ತುಂಬಿ ಬೋರಲು ಹಾಕತೊಡಗಿತು. ಬಿಳಿ ಪ್ಲಾಸ್ಟಿಕ್ ಡಬ್ಬಿಗಳು, ನೀಲಿ ಮುಚ್ಚಳ, ಮೇಲೊಂದು ಹಸುವಿನ ಚಿತ್ರ. ಒಂದರೊಳಗೊಂದು ಸೇರಿಸಿ, ತೊಳೆದು, ಒರೆಸಿ ಇಟ್ಟವು. ಸುಮಿತ್ರಮ್ಮ ಇಪ್ಪತ್ತೆಂಟರ ತನಕ ಎಣಿಸಿ ಬಿಟ್ಟರು.

"ಏನೇ ಪುಟ್ಟಿ ಇದು?"

"ಯುವರ್ ಕರ್ಡ್, ಅಜ್ಜಿ! ಅಮ್ಮ ಪುಟ್ಸ್ ಇಟ್ ಇನ್ ಯುವರ್ ಪಾತ್ರೆ. ಇಟ್ಸ್ ಅ ಸೀಕ್ರೆಟ್," ಎಂದ ತೇಜು ಕೈಯಲ್ಲಿ ಬಾಯಿ ಮುಚ್ಚಿಕೊಂಡಿತು.

ಕಳ್ಳತನ ಮಾಡಿದರೂ ಡಬ್ಬಿ ಎಸೆಯಲು ಕೈ ಬರಲಿಲ್ಲ! ನಮ್ಮ ಹೆಂಗಸರ ಬುದ್ಧಿಯೇ ಅಷ್ಟು. ಒಳ್ಳೆಯ ಡಬ್ಬಿ, ಬೇಳೆಗಾಗುತ್ತದೆ, ಪಕ್ಕದ ಮನೆಗೆ ಪಲ್ಯ ಕಳಿಸಲೂ ಆಗುತ್ತದೆ. ಎಸೆಯಬೇಡ ಎಂದು ಸೊಸೆಗೆ ಹೇಳಿಕೊಟ್ಟವರೂ ಸುಮಿತ್ರಮ್ಮನವರೇ.

"ಅನೂ," ಎಂದು ಕರೆದರು. ಅನುಶ್ರೀ ಕೈ ಒರೆಸಿಕೊಂಡು ಬಂದವಳು ಬಾಲ್ಕನಿಯ ಸಾಲು ನೋಡಿ ನಿಂತೇಬಿಟ್ಟಳು.

"ಯಾವಾಗಿಂದ?"

"ಅಕ್ಟೋಬರಿಂದ ಅತ್ತೆ. ಹೆಪ್ಪು ಕೆಟ್ಟೋಗಿತ್ತು. ಆಮೇಲೆ ಯಾವ ಹೆಪ್ಪು ಹಾಕಿದ್ರೂ ನಮ್ಮ ಓವನ್ನಲ್ಲಿ ಲೋಳೆ ಆಗ್ತಿತ್ತು. ತೇಜು ಉಗುಳಿದ್ಳು. ನೀವು ಸ್ನಾನಕ್ಕೆ ಹೋದಾಗ ಅದನ್ನ ಚೆಲ್ಲಿ ಪಾತ್ರೆಗೆ ಅಂಗಡಿ ಮೊಸರು ತುಂಬ್ತಿದ್ದೆ, ಈ ವಾರ ಹಿಮ ಬಿದ್ದು ಅಂಗಡಿಗೆ ಹೋಗೋಕಾಗ್ಲಿಲ್ಲ. ಅಷ್ಟು ದೂರದಿಂದ ತಂದಿದೀರಿ, ಹೇಗೆ ಹೇಳೋದು ಅಂತ..."

"ಲೋಳೆ ಆಗಿದೆ ಅತ್ತೆ ಅಂತ ಹೇಳೋದು. ಮೂರು ಮಾತು. ನಮ್ಮತ್ತೆ ನಂಗೆ ದಿನಾ ಹೇಳೋರು, ಉಪ್ಪು ಜಾಸ್ತಿ, ಹುಳಿ ಕಮ್ಮಿ ಅಂತ. ನಾನೇನು ಸತ್ತೋದ್ನಾ?"

"ನಿಮಗೆ ಬೇಜಾರಾಗುತ್ತೆ ಅಂತ, ಅಷ್ಟೇ ಅತ್ತೆ. ಬೇರೆ ಏನೂ ಇಲ್ಲ." ಅನುಶ್ರೀಯ ಕಣ್ಣಲ್ಲಿ ನೀರು ಬಂತು.

ವರುಣ್ ಹೆಡ್‌ಫೋನು ತೆಗೆದ. "ಒಂದು ಮೊಸರಿಗೆ ಇಷ್ಟು ರಾದ್ಧಾಂತನಾ ಅಮ್ಮ?"

"ಮೊಸರಿಗಲ್ಲ ಕಣೋ. ಡಿಸೆಂಬರಲ್ಲಿ ಈ ಮೊಸರಿನ ಹೆಸರು ಹೇಳಿ ನನ್ನನ್ನ ಉಳಿಸ್ಕೊಂಡ್ಯಲ್ಲ? ಮಗು ಅಂಗಡಿ ಮೊಸರು ಮುಟ್ಟಲ್ಲ ಅಂದ್ಯಲ್ಲ? ಆಗ ನಿಂಗೆ ಗೊತ್ತಿತ್ತಾ ಇಲ್ವಾ?"

ಅವನು ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದ.

"ಅನುಗೆ ಕೆಲಸ ಆಗೋದು ಗೊತ್ತಿತ್ತಾ?"

"ಆಫರ್ ಬಂದಿತ್ತು."

"ಹಂಗಾದ್ರೆ ಬಸ್ ಸ್ಟಾಪಲ್ಲಿ ನಿಲ್ಲೋಕೆ ಜನ ಬೇಕು ಅಮ್ಮ ಅಂತ ಕೇಳಿದ್ರೆ ನಾನು ಆಗಲ್ಲ ಅಂತಿದ್ನಾ?"

"ದೊಡ್ಡಮ್ಮನ ಆಪರೇಷನ್ ಅಂತಿದ್ದೆ."

"ಅಂತಿದ್ದೆ. ಆಮೇಲೆ ಎಲ್ರೂ ಕೂತು ಯೋಚ್ನೆ ಮಾಡ್ತಿದ್ವಿ. ಮನೆ ಅಂದ್ರೆ ಹಂಗಲ್ವಾ? ನೀನು ನನ್ನ ಹೊಗಳಿ ಅಟ್ಟ ಹತ್ತಿಸಿ, ಕೆಳಗೆ ಏಣಿ ತೆಗೆದೆ. ಇನ್ನೇನೇನು ಮುಚ್ಚಿಟ್ಟಿದೀಯ, ಅದನ್ನೂ ಹೇಳ್ಬಿಡು."

"ಇನ್ನೇನೂ ಇಲ್ಲಮ್ಮ. ಪ್ರಾಮಿಸ್," ಎಂದು ಅವನು ಹೆಡ್‌ಫೋನು ಏರಿಸಿಕೊಂಡ.

ಮೈಸೂರಲ್ಲಾಗಿದ್ದರೆ ಸುಮಿತ್ರಮ್ಮ ಸೆರಗು ಸುತ್ತಿಕೊಂಡು ಪಕ್ಕದ ಮನೆಗೆ ಹೋಗಿ ಒಂದು ಗಂಟೆ ಕೂತು ಬರುತ್ತಿದ್ದರು. ಇಲ್ಲಿ ಬಾಗಿಲು ತೆಗೆದರೆ ಹಿಮ. ಮುನಿಸಿಕೊಂಡು ಹೋಗಲು ಕೂಡ ಜಾಗವಿಲ್ಲದೆ ಮೊಮ್ಮಗಳ ಕೋಣೆಯಲ್ಲಿ, ಕಾಲು ಚಾಚಲಾಗದ ಮೋಟು ಮಂಚದ ಮೇಲೆ ಕೂತರು. ನಿನ್ನೆಯ ತನಕ ಅಪ್ಪಿಕೊಂಡಂತಿದ್ದ ಬೆಚ್ಚನೆಯ ಗಾಳಿ ಈಗ ಉಸಿರು ಕಟ್ಟಿಸುತ್ತಿತ್ತು. ನಾಲ್ಕು ತಿಂಗಳು ಮನೆಯ ಮೂವರು, ಆ ಪುಟ್ಟ ಮಗು ಸೇರಿ, ತನ್ನ ಎದುರು ನಾಟಕ ಆಡಿದ್ದಾರೆ. ತಾನು ಮಾತ್ರ ಬಟ್ಟಲು ಬಟ್ಟಲು ಹೆಪ್ಪು ಹಂಚುತ್ತ ಮೆರೆದಿದ್ದೇನೆ. ನಾಚಿಕೆಯಾಯಿತು. ರಾತ್ರಿ ಅನ್ನ ಸಾರು ಮಾಡಿಟ್ಟು, ತಾವು ಸಾರನ್ನಕ್ಕೇ ಕೈ ತೊಳೆದರು. ಯಾರೂ ಮಜ್ಜಿಗೆ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ತೇಜು ಅಪ್ಪನ ಟ್ಯಾಬ್ ಹಿಡಿದು ಬಂತು. ಊರಿನವರಿಗೆ ಹಿಮ ತೋರಿಸಬೇಕಂತೆ. ಇಲ್ಲಿ ಹಿಮ ಬಿದ್ದರೆ ಅಲ್ಲಿಗೆ ವಿಡಿಯೋ ಹೋಗಲೇಬೇಕು, ಅದೊಂದು ಶಾಸ್ತ್ರ. ಫೋನ್ ಪಟ್ಟಿಯಲ್ಲಿ ಸಿಕ್ಕಿದವರ ಚಿತ್ರ ಒತ್ತಿತು. ಹುಣಸೂರಿನಲ್ಲಿ ರಾತ್ರಿ ಒಂಬತ್ತೂವರೆ. ಲಕ್ಷ್ಮಮ್ಮನವರ ಸೊಸೆ ಪೂರ್ಣಿಮಾ ಫೋನು ತೆಗೆದಳು.

"ದೊಡ್ಡಮ್ಮಾ, ಲುಕ್, ಸ್ನೋ!"

"ಅಯ್ಯೋ ಬಂಗಾರೀ! ತಡಿ, ದೊಡ್ಡಜ್ಜಿಗೂ ತೋರಿಸ್ತೀನಿ," ಎಂದು ಪೂರ್ಣಿಮಾ ಫೋನು ತಿರುಗಿಸಿದಳು.

ಹಜಾರದ ಮಂಚ ಕಂಡಿತು. ಮಂಚದ ಮೇಲೆ ಲಕ್ಷ್ಮಮ್ಮ, ದಿಂಬಿನ ಮೇಲೆ ಚಾಚಿದ ಕಾಲು, ತೊಡೆಯಿಂದ ಕೆಳಗೆ ಬಿಳಿ ಪಟ್ಟಿ. ಪಕ್ಕದಲ್ಲಿ ಹಿಡಿದು ನಡೆಯುವ ಉಕ್ಕಿನ ವಾಕರ್. ಸುಮಿತ್ರಮ್ಮ ಟ್ಯಾಬನ್ನು ಮಗುವಿನ ಕೈಯಿಂದ ಕಿತ್ತುಕೊಂಡರು.

"ಪೂರ್ಣಿಮಾ, ಅದೇನು ಅಕ್ಕನ ಕಾಲಿಗೆ?"

"ಏನು ಅಂದ್ರೆ? ಆಪರೇಷನ್ ಆಗಿ ಮೂರು ವಾರ ಆಯ್ತಲ್ಲ ಚಿಕ್ಕಮ್ಮ."

"ನಂಗ್ಯಾರೂ ಹೇಳ್ಲಿಲ್ಲ."

ಪೂರ್ಣಿಮಾ ಗೊಂದಲಕ್ಕೆ ಬಿದ್ದಳು. "ಮಂಡಿ ತೀರಾ ಊದ್ಕೊಂಡು ಡಾಕ್ಟ್ರು ಮಾರ್ಚ್‌ವರೆಗೂ ಕಾಯ್ಬೇಡಿ ಅಂದ್ರು. ಚಿಕ್ಕಮ್ಮ ಒಂದು ತಿಂಗಳು ಬರೋಕಾಗುತ್ತಾ ಕೇಳು ಅಂತ ಇವ್ರು ವರುಣಂಗೆ ಫೋನ್ ಮಾಡಿದ್ರು. ಅವನು ಕೇಳಿ ಹೇಳಿದ್ನಲ್ಲ, ಅಮ್ಮಂಗೆ ಮೊಮ್ಮಗಳನ್ನ ಬಿಟ್ಟು ಬರೋಕೆ ಮನಸ್ಸಿಲ್ಲ ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಕರೆಯದಿದ್ದರೂ ವರುಣ್ ಮೇಜು ಬಿಟ್ಟು ಓಡಿ ಬಂದ. "ಅಮ್ಮಾ, ಕಟ್ ಮಾಡು. ನಾನು ಎಕ್ಸ್‌ಪ್ಲೇನ್ ಮಾಡ್ತೀನಿ."

"ಮುಟ್ಬೇಡ," ಎಂದರು ಸುಮಿತ್ರಮ್ಮ.

ಅಷ್ಟರಲ್ಲಿ ತೆರೆಯ ತುಂಬ ಅಕ್ಕನ ಮುಖ ಬಂದಿತ್ತು. ಮುಖ ಇಳಿದಿತ್ತು, ಕಣ್ಣು ಮಾತ್ರ ಹಾಗೇ ಚುರುಕು. "ಏನಮ್ಮಾ ಸುಮಿ, ಹಿಮ ಚೆನ್ನಾಗಿದ್ಯಾ?"

ಮೊಸರಿನ ಸುಳ್ಳು ಸುಮಿತ್ರಮ್ಮನವರನ್ನು ನಗೆಪಾಟಲು ಮಾಡಿತ್ತು, ಅಷ್ಟೆ. ಇದು ಹಾಗಲ್ಲ. ಅಕ್ಕ ನೋವಿನಲ್ಲಿ ಕೈ ಚಾಚಿದಾಗ ತಾನು ಮುಖ ತಿರುಗಿಸಿದೆ ಎಂದು, ತನ್ನದೇ ಹೆಸರಿನಲ್ಲಿ, ತಾನು ಹೆತ್ತವನೇ ಹೇಳಿದ್ದ. ಮಗ ಪಿಯುಸಿಯಲ್ಲಿ ಫೇಲಾದಾಗ ಗಂಡನ ಹತ್ತಿರ ಅದನ್ನು ಮುಚ್ಚಿಟ್ಟವರು ಇವರು. ಅವನು ಸ್ಕೂಟರ್ ಗುದ್ದಿ ತಂದಾಗ ತಾನೇ ಬೀಳಿಸಿದೆ ಎಂದವರು. ಈಗಲೂ ನಾಲಿಗೆಯ ತುದಿಗೆ ಒಂದು ನೆಪ ಬಂದೇ ಬಂತು. ಅದನ್ನು ನುಂಗಿಕೊಂಡರು.

"ಅಕ್ಕ, ನಾನು ಬರಲ್ಲ ಅನ್ಲಿಲ್ಲ. ನನ್ನನ್ನ ಯಾರೂ ಕೇಳ್ಲೇ ಇಲ್ಲ. ವರುಣ ಸುಳ್ಳು ಹೇಳ್ದ."

"ಓಹೋ! ಈಗ ಮಗನ ಮೇಲೆ ಹಾಕ್ತೀಯಾ? ಆಗಲ್ಲ ಅಂದ್ರೆ ಆಗಲ್ಲ ಅಕ್ಕ ಅಂತ ನೇರವಾಗಿ ಹೇಳ್ಬೇಕಿತ್ತು. ಎರಡು ಸಲ ನಿಂಗೋಸ್ಕರ ತಾರೀಕು ಮುಂದಕ್ಕೆ ಹಾಕ್ದವಳು ನಾನು. ಮಗು ನೆಪ ಯಾಕೆ ಬೇಕಿತ್ತು?"

ನಿನ್ನೆ ತಾನು ಮಗನಿಗೆ ಕೇಳಿದ ಪ್ರಶ್ನೆಯೇ ಇಂದು ತನ್ನ ಮೇಲೆ ಬಂದಿತ್ತು. ಸುಮಿತ್ರಮ್ಮ ಟ್ಯಾಬನ್ನು ವರುಣನ ಮುಖಕ್ಕೆ ಹಿಡಿದರು. "ನೀನೇ ಹೇಳು."

ವರುಣ್ ಒಮ್ಮೆ ಕೆಮ್ಮಿದ. "ದೊಡ್ಡಮ್ಮಾ... ಅದು ಏನಾಯ್ತು ಅಂದ್ರೆ, ಸ್ವಲ್ಪ ಕಮ್ಯುನಿಕೇಷನ್ ಗ್ಯಾಪ್ ಆಯ್ತು."

ಸುಮಿತ್ರಮ್ಮ ಮಗನನ್ನೇ ನೋಡಿದರು. ತಾಯಿಯ ಮಾನ ಹೋಗುತ್ತಿದೆ, ಈ ಗಂಡಸು ಆಫೀಸಿನ ಮೀಟಿಂಗಿನಲ್ಲಿ ಕೂತವನ ಹಾಗೆ ಮಾತಾಡುತ್ತಿದ್ದಾನೆ. ಆ ಗಳಿಗೆಯಲ್ಲಿ ಅವನು ಬೇರೆ ಯಾರದೋ ಮಗ ಅನ್ನಿಸಿತು.

ಒಲೆಯ ಹತ್ತಿರದಿಂದ ಅನುಶ್ರೀ ಬಂದಳು. ಕೈಯಲ್ಲಿ ಸೌಟು ಹಾಗೇ ಇತ್ತು. ಅತ್ತೆ ಹೊರಟರೆ ಕೆಂಟ್‌ನ ಹೊಸ ಕೆಲಸದ ಗತಿ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಗ್ಯಾಪ್ ಅಲ್ಲ ದೊಡ್ಡತ್ತೆ," ಎಂದಳು. "ಅತ್ತೆಗೆ ನಿಮ್ಮ ಆಪರೇಷನ್ ವಿಷ್ಯಾನೇ ಗೊತ್ತಿಲ್ಲ. ನಂಗೂ ಈಗ್ಲೇ ಗೊತ್ತಾಗಿದ್ದು. ಇವ್ರು ಅತ್ತೆನ ಕೇಳ್ದೇನೇ ಉತ್ತರ ಕೊಟ್ಟಿದಾರೆ. ಅತ್ತೆ ಹೋದ್ರೆ ತೇಜುನ ನೋಡ್ಕೊಳ್ಳೋರಿಲ್ಲ ಅಂತ."

"ಅನು!" ಎಂದ ವರುಣ್.

"ಸುಳ್ಳಾ?" ಎಂದಳು ಅನುಶ್ರೀ.

ಸುಮಿತ್ರಮ್ಮ ಟ್ಯಾಬನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಅಕ್ಕ, ಬರ್ತೀನಿ."

"ಬಂದು ಏನ್ಮಾಡ್ತೀಯಾ? ವಾಕರ್ ಹಿಡ್ಕೊಂಡು ಬಚ್ಚಲಿಗೆ ನಾನೇ ಹೋಗ್ತಿದೀನಿ. ಎಬ್ಬಿಸಿ ಕೂರಿಸೋ ದಿನ ಮುಗೀತು."

"ಏನೂ ಮಾಡಲ್ಲ. ನಿನ್ನ ಕೈಲಿ ಬೈಸ್ಕೊಂಡು ಕೂತಿರ್ತೀನಿ."

ಲಕ್ಷ್ಮಮ್ಮ ಮುಖ ಆಚೆ ತಿರುಗಿಸಿದರು. ಪಕ್ಕದಿಂದ ಪೂರ್ಣಿಮಾ ಸೆರಗಿನಲ್ಲಿ ಅವರ ಕಣ್ಣೊರೆಸಿದ್ದು ಕಂಡಿತು. "ಹಂಗಾದ್ರೆ ಬೇಗ ಬಾ. ಬೈಯೋದು ಬೇಕಾದಷ್ಟಿದೆ," ಎಂದು ಫೋನು ಇಟ್ಟರು.

ವರುಣ್ ಮೊದಲು ಬಾಯಿ ಬಿಟ್ಟ. "ಅಮ್ಮಾ, ತೇಜುನ ಬಸ್ಸಿಂದ ಯಾರು ಇಳಿಸ್ಕೋತಾರೆ?"

"ಈಗ ಕೇಳ್ದೆ ನೋಡು," ಎಂದು ಸುಮಿತ್ರಮ್ಮ ಸೂಟ್‌ಕೇಸು ತೆಗೆಯಲು ಹೋದರು.

ಭಾನುವಾರ ಮಳೆ ಬಂದು ಹಿಮವನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಅನುಶ್ರೀಯೇ ಟಿಕೆಟ್ ಮಾಡಿದಳು. ಬಸ್ಸಿನ ಮಾತಿಗೆ ಕೆಳಗಿಳಿದು ಶಾಲಿನಿಯನ್ನು ಕೇಳಿದರೆ, ಅವಳು ಮೊದಲ ಮಾತಿಗೇ ಒಪ್ಪಿದಳು. ಅವಳ ಮಗನೂ ಅದೇ ಬಸ್ಸಿನಲ್ಲೇ ಇಳಿಯುವುದು. ಇದನ್ನು ಡಿಸೆಂಬರಿನಲ್ಲೇ ಕೇಳಬಹುದಿತ್ತು. ಆ ಒಂದು ವಾರ ಮನೆಯಲ್ಲಿ ಅತ್ತೆ ಸೊಸೆ ಅಡುಗೆ, ಬಟ್ಟೆ, ಮಗುವಿನ ಕೆಮ್ಮು ಎಂದು ಎಷ್ಟು ಬೇಕೋ ಅಷ್ಟು ಮಾತಾಡಿಕೊಂಡರು. ಸಾರಿಗೆ ಖಾರ ಹೆಚ್ಚಾದರೂ ಒಬ್ಬರಿಗೊಬ್ಬರು ಹೇಳಿದರು. ಮಗನಿಗೆ ಮಾತ್ರ ತಟ್ಟೆ ಹಾಕಿ, ಬಡಿಸಿ, ಸುಮಿತ್ರಮ್ಮ ಆಚೆ ಹೋಗುತ್ತಿದ್ದರು.

ಮುಂದಿನ ಶನಿವಾರ ಸಂಜೆ ವಿಮಾನ ನಿಲ್ದಾಣಕ್ಕೆ ವರುಣನೇ ಕಾರು ಓಡಿಸಿದ. ಒಳಗೆ ಹೋಗುವ ಸಾಲಿನ ಹತ್ತಿರ ಅವನು ಸೂಟ್‌ಕೇಸಿನ ಹಿಡಿಕೆ ಬಿಡದೆ ನಿಂತ.

"ಅಮ್ಮಾ, ದೊಡ್ಡಮ್ಮಂಗೆ ನಾನು ಸಾರಿ ಕೇಳ್ದೆ ಅಂತ ಹೇಳ್ಬಿಡು."

ಸುಮಿತ್ರಮ್ಮ ಹಿಡಿಕೆಯನ್ನು ಅವನ ಕೈಯಿಂದ ಬಿಡಿಸಿಕೊಂಡರು.

"ನಾನು ಹೇಳಲ್ಲ. ಒಬ್ರ ಬಾಯಿಂದ ಇನ್ನೊಬ್ರ ಮಾತು ಆಡ್ಸಿದ್ದು ಸಾಕು ವರುಣ. ಅಲ್ಲಿ ಈಗ ಬೆಳಗಾಗಿದೆ, ದೊಡ್ಡಮ್ಮ ಎದ್ದಿರ್ತಾರೆ. ನಿನ್ನ ಹತ್ರ ಫೋನಿದೆ."

ಸಾಲು ಮುಂದೆ ಸರಿಯಿತು. ಅವರೂ ಸರಿದರು. ಅವನು ಜೇಬಿಗೆ ಕೈ ಹಾಕಿದ್ದು ಕಂಡಿತ್ತು, ಆಮೇಲಿನದು ಕಾಣಲಿಲ್ಲ. ಫೋನು ಮಾಡುತ್ತಾನೆಂಬ ನಂಬಿಕೆ ಇದ್ದಿದ್ದರೆ ಸುಮಿತ್ರಮ್ಮ ಒಮ್ಮೆ ತಿರುಗಿ ನೋಡುತ್ತಿದ್ದರು.